ಮೈಕಕ್ಕ ಹೂಂ ಅನ್ನುವ ಮೊದಲು

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ? ಸ್ಟ್ರೆಚರಿನಿಂದಲೇ ಶುರು ಮಾಡಿದರೆ ನೀವು ತಟಕ್ಕನೆ ಎದ್ದು ಕೂರುತ್ತೀರಿ. ಆದರೆ ಹಾಗೆ ಬರೆದ ಕರಡಿನಲ್ಲಿ ಅದರ ಮೇಲೆ ಮಲಗಿದ್ದವಳು ಬರೀ ರೋಗಿಯಾಗಿಬಿಟ್ಟಳು. ಹರಿದು ಹಾಕಿದೆ. (ಹರಿದೆ ಅನ್ನುವುದು ಜಂಬಕ್ಕೆ. ಡಿಲೀಟ್ ಒತ್ತಿದೆ, ಅಷ್ಟೆ.)

೨

ಸರಿ, ಮಾರುಕಟ್ಟೆಯಿಂದ ಶುರು ಮಾಡೋಣ. ಅವಳು ತರಕಾರಿ ಹರಾಜು ಕೂಗುವವಳು. ಕ್ರೇಟುಗಳ ಮೇಲೆ ಹತ್ತಿ ನಿಂತು ಬಾಯಿ ತೆರೆದಳೆಂದರೆ ಗೇಟಿನಾಚೆ ಲಾರಿ ಇಳಿಸುತ್ತಿದ್ದವರೂ ತಿರುಗಿ ನೋಡಬೇಕು. ಎಲ್ಲರ ಬಾಯಲ್ಲೂ ಅವಳು ಮೈಕಕ್ಕ. ಅವಳ ಕುತ್ತಿಗೆಯಲ್ಲಿ ಥೈರಾಯ್ಡ್ ಗಡ್ಡೆ ಬೆಳೆಯಿತು. ಕ್ಯಾನ್ಸರ್ ಅಲ್ಲ, ಆದರೆ ಮಲಗಿದರೆ ಉಸಿರು ಕಟ್ಟುತ್ತಿತ್ತು. ತೆಗೆಸಿಬಿಡುವುದು ಎಂದಾಯಿತು.

ಸರ್ಜನ್ ಎಲ್ಲವನ್ನೂ ಬಿಡಿಸಿ ಹೇಳಿದರು. ಹೇಳಿದ್ದು ಮಾತ್ರ ಗಂಡನಿಗೆ. ಗಡ್ಡೆಗೆ ಅಂಟಿಕೊಂಡಂತೆ ದನಿಯ ನರ ಇದೆ, ಅಪರೂಪಕ್ಕೆ ಅದಕ್ಕೆ ಪೆಟ್ಟು ಬೀಳುತ್ತದೆ, ಆಗ ದನಿ ಒಡೆದದ್ದು ಸರಿಹೋಗದೆಯೂ ಇರಬಹುದು.

"ಅವಳಿಗೆ ಹೇಳ್ಬೇಡಿ ಡಾಕ್ಟ್ರೇ, ಗಾಬರಿ ಆಗ್ತಾಳೆ. ನಾನೇ ನಿಧಾನಕ್ಕೆ ಹೇಳ್ತೀನಿ," ಎಂದ ಗಂಡ. ಆದರೆ ಅವಳೆದುರು ಹೇಳಲು ಬಾಯಿ ಬರಲಿಲ್ಲ. "ಸಣ್ಣ ಆಪರೇಷನ್ ಕಣೆ, ಸೈನ್ ಹಾಕು," ಎಂದ. ಅವಳು ಹಾಕಿದಳು.

(ಇವನನ್ನು ವಿಲನ್ ಮಾಡಿದ ಕರಡೂ ಒಂದಿತ್ತು. ಆದರೆ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅವನು ಬಿಕ್ಕಿಬಿಕ್ಕಿ ಅತ್ತದ್ದನ್ನು ನಾನೇ ಬರೆದುಬಿಟ್ಟಿದ್ದೆ. ಆಮೇಲೆ ಎಷ್ಟು ತಿದ್ದಿದರೂ ವಿಲನ್ ಆಗಲಿಲ್ಲ.)

೩

ಈಗ ಸ್ಟ್ರೆಚರ್. ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ಅರಿವಳಿಕೆ ಕೊಡುವ ಡಾಕ್ಟರಮ್ಮ ಬಗ್ಗಿ ಕೇಳಿದರು.

"ಇವತ್ತು ಏನ್ಮಾಡ್ತಾರೆ ಅಂತ ನಿಮ್ಮ ಮಾತಲ್ಲೇ ಹೇಳಿ."

"ಗಡ್ಡೆ ತೆಗೀತಾರೆ."

"ದನಿಗೆ ಏನಾಗ್ಬಹುದು ಅಂತ ಹೇಳಿದಾರಲ್ವಾ?"

"ದನಿಗಾ? ದನಿಗೇನಾಗುತ್ತೆ?"

ಡಾಕ್ಟರಮ್ಮ ಸಿರಿಂಜನ್ನು ಟ್ರೇಯಲ್ಲಿಟ್ಟು ಸರ್ಜನ್ನರನ್ನು ಕರೆದರು.

"ಅವರ ಮನೆಯವ್ರಿಗೆ ಎಲ್ಲಾ ಹೇಳಿದೀನಿ. ಸೈನೂ ಆಗಿದೆ," ಎಂದರು ಸರ್ಜನ್.

"ಕತ್ತು ಮನೆಯವ್ರದ್ದಲ್ಲ ಸರ್. ಗೊತ್ತಿಲ್ದೆ ಹಾಕಿದ ಸೈನು ನಾಳೆ ಕೋರ್ಟಲ್ಲಿ ಬರೀ ಇಂಕು."

ಇಲ್ಲಿ ಸರ್ಜನ್ ರೇಗಬೇಕಿತ್ತು. (ನಾನು ಸಂಭಾಷಣೆ ಸಿದ್ಧ ಮಾಡಿಟ್ಟುಕೊಂಡಿದ್ದೆ.) ಅವರು ಗ್ಲೌಸ್ ಕಳಚಿ, ಸ್ಟೂಲ್ ಎಳೆದುಕೊಂಡು ಅವಳ ತಲೆಯ ಹತ್ತಿರ ಕೂತರು.

"ತಪ್ಪಾಯ್ತಮ್ಮ. ಮೊದಲಿಂದ ಹೇಳ್ತೀನಿ."

ನರದ ವಿಷಯ ಹೇಳಿದರು. ಅವಳು ತನ್ನ ಗಂಟಲನ್ನು ಮುಟ್ಟಿ ನೋಡಿಕೊಂಡಳು.

"ಮಾಡಿಸ್ದೇ ಇದ್ರೆ?"

"ಬರ್ತಾ ಬರ್ತಾ ಉಸಿರಾಟ ಇನ್ನೂ ಕಷ್ಟ ಆಗುತ್ತೆ. ಆದ್ರೆ ಇವತ್ತೇ ಆಗ್ಬೇಕು ಅಂತೇನಿಲ್ಲ. ಬೇಡ ಅಂದ್ರೂ ನಿಮ್ಮನ್ನ ನಾನೇ ನೋಡ್ಕೋತೀನಿ."

"ಹಾಗಾದ್ರೆ ಇವತ್ತು ಬೇಡ."

ಸ್ಟ್ರೆಚರ್ ವಾರ್ಡಿನ ಕಡೆ ತಿರುಗಿತು. ಮೈಕಕ್ಕನಿಗೆ ಎದೆಯ ಮೇಲಿಂದ ಯಾರೋ ಮೂಟೆ ಇಳಿಸಿದಂತಾಯಿತು.

೪

"ನೀನು ಹೆದರ್ತೀಯ ಅಂತ..." ಗಂಡ ತೊದಲಿದ.

"ಹೆದರ್ತಿದ್ದೆ ಕಣ್ರೀ. ಹೆದರ್ಕೊಂಡೇ ಯೋಚ್ನೆ ಮಾಡ್ತಿದ್ದೆ. ನನ್ನ ಹೆದರಿಕೇನೂ ನೀವೇ ತಗೊಂಡ್ಬಿಟ್ರಲ್ಲ!"

ಅವಳು ಮಾರುಕಟ್ಟೆಗೆ ಮರಳಿದಳು. ಕೂಗಿದಳು, ಹೆದರಿದಳು, ಲೆಕ್ಕ ಹಾಕಿದಳು. ರಾತ್ರಿ ದಿಂಬಿಗೆ ಒರಗಿ ಕೂತೇ ನಿದ್ದೆ ಮಾಡಿ ಸಾಕಾಗಿ ಒಂದು ದಿನ ತಾನೇ ಸರ್ಜನ್ನರ ಮುಂದೆ ಹೋಗಿ ಕೂತಳು. "ಹೂಂ, ಮಾಡಿ. ಈಗ ಗೊತ್ತಿದ್ದೇ ಹೇಳ್ತಿದೀನಿ."

೫

ಇಲ್ಲಿ ನನಗೂ ಅವಳಿಗೂ ಜಗಳವಾಯಿತು.

"ದನಿ ಹೋದರೆ ಕಥೆಗೆ ತೂಕ ಬರುತ್ತಲ್ಲ," ಎಂದೆ.

"ತೂಕ ಬೇಕಿದ್ರೆ ತಕ್ಕಡಿ ಹತ್ತಿ," ಎಂದಳು.

ಹಾಗಾಗಿ ಆದದ್ದನ್ನು ಆದ ಹಾಗೆ ಬರೆಯುತ್ತೇನೆ. ಆಪರೇಷನ್ ಮುಗಿದು ಅವಳು ಕಣ್ಣು ಬಿಟ್ಟಾಗ ಸರ್ಜನ್, "ಏನಾದ್ರೂ ಮಾತಾಡಿ," ಎಂದರು. "ನೀರು," ಎಂದಳು. ಕರಕರ ಎನ್ನುತ್ತಿತ್ತು, ಆದರೆ ಅವಳದೇ ದನಿ. ಸರ್ಜನ್ ನಕ್ಕರು, ಡಾಕ್ಟರಮ್ಮ ನಕ್ಕರು. ಗಂಡ ಗೋಡೆಗೆ ಒರಗಿ ನೆಲದ ಮೇಲೆ ಕೂತ. ನಾನೂ ಉಸ್ಸಪ್ಪಾ ಎಂದೆ.

೬

ಉಳಿದದ್ದು ಗಂಡನ ವಿಚಾರ. ಕ್ಷಮಿಸಿದಳು ಎಂದು ಮುಗಿಸಬಹುದು. ಕ್ಷಮಿಸಲಿಲ್ಲ ಎಂದರೆ ವಿಮರ್ಶಕರಿಗೆ ಖುಷಿ. ಯಾವುದು ಬರೆಯಲಿ ಎಂದು ಅವಳನ್ನೇ ಕೇಳಿದೆ.

"ಇನ್ನೂ ಗೊತ್ತಾಗಿಲ್ಲ. ಅವರೂ ಸ್ವಲ್ಪ ಕಾಯ್ಲಿ, ನೀವೂ ಕಾಯಿರಿ."

ಗಂಡ ನೆಲದಿಂದ ಎದ್ದು ಬಂದು, ಅವಳು ಕೇಳಿದ ನೀರು ಕೊಡಲು ಫ್ಲಾಸ್ಕ್ ಎತ್ತಿಕೊಂಡ. ಲೋಟಕ್ಕೆ ಬಗ್ಗಿಸಲು ಹೋದವನು ತಡೆದು ಕೇಳಿದ.

"ಬಿಸೀದು ಕೊಡ್ಲಾ, ತಣ್ಣಗಿರೋದಾ?"

ಅವಳು ಯೋಚಿಸುತ್ತಿದ್ದಾಳೆ.