ತಿರುಗಿ ಬಾರದವರ ಮನೆಗಳು

ಅಪ್ಪ ನಾಟಿ ವೈದ್ಯರು. ಮಗಳು ಪ್ರಯೋಗಾಲಯದಲ್ಲಿ ಸಂಶೋಧಕಿ. ತಲೆಗೇರಿದ ಜ್ವರಕ್ಕೆ ಅಪ್ಪ ಕೊಡುತ್ತಿದ್ದ ಬಳ್ಳಿಯ ಬೇರನ್ನೇ ಅವಳು ಮೂರು ವರ್ಷದಿಂದ ಪರೀಕ್ಷಿಸುತ್ತಿದ್ದಳು. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಮಿದುಳಿನ ಜೀವಕೋಶಗಳಲ್ಲಿ ಅದರ ಸಾರಕ್ಕೆ ಉರಿಯೂತ ತಗ್ಗಿತ್ತು. ಇಲಿಗಳಲ್ಲೂ ಕೊಂಚ ತಗ್ಗಿತ್ತು. ಸುದ್ದಿ ಕೇಳಿ ಅಪ್ಪ, ಇಲಿಗೆ ಪಥ್ಯ ಹೇಳಿದ್ದೀಯೇನಮ್ಮ ಎಂದು ನಕ್ಕಿದ್ದರು.

ಅಷ್ಟರಲ್ಲಿ ಅವಳ ತಮ್ಮ ಹಾಸಿಗೆ ಹಿಡಿದ. ಮರಗೆಲಸದವನು, ಕಲ್ಲುಗುಂಡಿನಂಥ ಆಳು. ಎರಡು ದಿನ ಜ್ವರ. ಮೂರನೆಯ ದಿನ ಕೈಯಲ್ಲಿದ್ದ ಉಳಿಯನ್ನು ತೋರಿಸಿ, ಇದೇನು ಎಂದು ಹೆಂಡತಿಯನ್ನೇ ಕೇಳಿದ. ಆಸ್ಪತ್ರೆ ತಲುಪುವಷ್ಟರಲ್ಲಿ ಸೆಳೆತ ಬಂದಿತ್ತು. ಮಿದುಳಿನ ಉರಿಯೂತ, ನಾಲ್ಕು ದಿನ ಏನೂ ಹೇಳಲಾಗದು ಎಂದರು ಡಾಕ್ಟರು.

ಮಾರನೆಯ ಮಧ್ಯಾಹ್ನ ಅವಳು ಪ್ರಯೋಗಾಲಯದ ಫ್ರಿಜ್ ತೆರೆದು ನಿಂತಳು. ಸಾರದ ಶೀಶೆ ಎದುರಿಗೇ ಇತ್ತು. ಇಲಿಗೆ ಕೊಟ್ಟ ಪ್ರಮಾಣ ತಮ್ಮನ ತೂಕಕ್ಕೆ ಎಷ್ಟಾದೀತು ಎಂದು ಮನಸ್ಸು ತಾನಾಗಿಯೇ ಗುಣಿಸಿಬಿಟ್ಟಿತ್ತು. ತನಗೆ ತಾನೇ ಹೆದರಿ ಬಾಗಿಲು ಹಾಕಿದಳು.

ಆಸ್ಪತ್ರೆಗೆ ಮರಳಿದರೆ ಮೆಟ್ಟಿಲ ಮೇಲೆ ಅಪ್ಪ ಕೂತಿದ್ದರು, ಮಡಿಲಲ್ಲಿ ಅದೇ ಬೇರಿನ ಕಷಾಯದ ಫ್ಲಾಸ್ಕು. ಹೇಗಾದರೂ ಕುಡಿಸಿ ಎಂದು ಸೊಸೆ ಕಾಲು ಹಿಡಿದಿದ್ದಳಂತೆ.

ಮಗಳು ಪಕ್ಕದಲ್ಲಿ ಕೂತಳು. "ಅಪ್ಪಾ, ನಿಜ ಹೇಳಿ. ಇದನ್ನ ಕುಡಿದವರಲ್ಲಿ ಎಷ್ಟು ಜನ ಉಳಿದ್ರು?"

ಅಪ್ಪ ಫ್ಲಾಸ್ಕನ್ನು ಮೆಟ್ಟಿಲ ಮೇಲಿಟ್ಟರು. "ವಾಸಿಯಾದವರು ಬಂದು ಹೇಳಿದ್ರಮ್ಮ. ಹೋದವರ ಮನೆಯವರು ಯಾಕೆ ಬರ್ತಾರೆ? ನಾನೂ ಹೋಗಿ ಕೇಳ್ಲಿಲ್ಲ." ಮತ್ತೆ ಮೆಲ್ಲಗೆ ಅಂದರು: "ಪರರ ಮಕ್ಕಳಿಗೆ ಕೊಡೋವಾಗ ಈ ಕೈ ನಡುಗಿರ್ಲಿಲ್ಲ."

ಫ್ಲಾಸ್ಕನ್ನು ತಾವೇ ಚೀಲಕ್ಕೆ ಹಾಕಿಕೊಂಡರು.

ಹನ್ನೊಂದನೆಯ ದಿನ ತಮ್ಮ ಕಣ್ಣು ಬಿಟ್ಟ. ಜೀವ ಉಳಿಯಿತು, ಮಾತು ತೊದಲುತ್ತದೆ, ಬಲಗೈಗೆ ಹಿಡಿತವಿಲ್ಲ. ಸಾರ ಕೊಟ್ಟಿದ್ದರೆ ಆ ಕೈ ಉಳಿಯುತ್ತಿತ್ತೇ, ಇಲ್ಲ ಆಳೇ ಹೋಗುತ್ತಿದ್ದನೇ?

ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಅಪ್ಪ ಚಪ್ಪಲಿ ಮೆಟ್ಟಿ, ಬರೆಯೋ ಪುಸ್ತಕ ತಗೊಂಡು ಬಾ, ಹೋದವರ ಮನೆಗಳಿಗೆ ಹೋಗಿ ಕೇಳೋಣ ಎಂದರು. ಮೊದಲ ಮನೆಯಲ್ಲಿ ಬಾಗಿಲು ತೆರೆದದ್ದು ಒಬ್ಬ ಮುದುಕಿ. ಬೈದಾಳೆಂದು ಅಪ್ಪ ತಲೆ ತಗ್ಗಿಸಿ ನಿಂತರು. ಅವಳು ಬೈಯಲಿಲ್ಲ. ಮೊಮ್ಮಗಳು ಎಷ್ಟು ಸಲ ಕಷಾಯ ಕುಡಿದಳು, ಯಾವಾಗ ಕಣ್ಣು ಮೇಲಾಯಿತು, ಎಷ್ಟನೆಯ ದಿನ ಹೋದಳು, ಎಲ್ಲ ಒಂದೊಂದಾಗಿ ಹೇಳಿದಳು. ಮಗಳು ಬರೆದುಕೊಂಡಳು.

"ಇಷ್ಟು ವರ್ಷದಲ್ಲಿ ಯಾರೂ ಕೇಳಿರ್ಲಿಲ್ಲ," ಎಂದು ಮುದುಕಿ ಅಪ್ಪನಿಗೆ ಕುರ್ಚಿ ಎಳೆದು ಹಾಕಿದಳು.