ಎರವಲು ಬಂದ ಡಿಸ್ಕ್

ತೀರಿಕೊಂಡ ಗುರುಸಿದ್ಧನ ಮಣ್ಣಿಗೆ ಬಂದಿದ್ದ ನೆಂಟರು ಹಿಂದಿನ ಸಂಜೆ ಊರಿಗೆ ಹೋಗಿದ್ದರು. ಬೆಳಿಗ್ಗೆ ಎಂದಿನಂತೆ ಹಾಲಿನ ಪ್ಯಾಕೆಟ್ ಬಂತು. ಅವನ ಹೆಂಡತಿ ಸುವರ್ಣಾ ತನ್ನೊಬ್ಬಳಿಗೇ ಚಹಾ ಮಾಡಿಕೊಂಡು ಕಂಪ್ಯೂಟರಿನ ಮುಂದೆ ಕುಳಿತಳು. ಆನ್ ಮಾಡಲಿಲ್ಲ. ನನ್ನ ಮೇಲಿನ ಧೂಳನ್ನು ಬೆರಳಿನಿಂದ ಒರೆಸಿದಳು.

ನಾನು ಒಂದು ಹಾರ್ಡ್ ಡಿಸ್ಕ್. ಅಂಗೈಯಗಲದ ಕಪ್ಪು ಪೆಟ್ಟಿಗೆ. ಈಗ ಮುದಿಯಾಗಿದ್ದೇನೆ, ತಿರುಗುವಾಗ ಕಿರ್ರೆನ್ನುತ್ತೇನೆ. ಹುಟ್ಟಿದ ಕಾರ್ಖಾನೆ ನೆನಪಿಲ್ಲ. ಮೊದಲ ನೆನಪು ಧಾರವಾಡದ ಒಂದು ಪಾಲಿಟೆಕ್ನಿಕ್ ಲ್ಯಾಬಿನದು. ನನ್ನ ಒಡೆಯ ರುದ್ರೇಶ ಅಲ್ಲಿ ಕಲಿಸುತ್ತಿದ್ದ, ಗುರುಸಿದ್ಧನೂ ಅಲ್ಲೇ. "ನಾಕ ದಿನಾ ಕೊಡಪಾ" ಎಂದು ಗುರುಸಿದ್ಧ ನನ್ನನ್ನು ಇಸಗೊಂಡು ಮನೆಗೆ ತಂದ. ಮರಳಿ ಕೊಡಲಿಲ್ಲ.

ಒಂದು ಕಂಪ್ಯೂಟರಿನೊಳಗೆ ಇನ್ನಷ್ಟು ಕಂಪ್ಯೂಟರುಗಳನ್ನು ಕಟ್ಟುವುದು ಅವನ ಹುಚ್ಚು. ವರ್ಚುವಲ್ ಮಷೀನ್ ಎನ್ನುತ್ತಿದ್ದ. ಅವುಗಳಿಗೆ ಜಾಗ ನನ್ನಲ್ಲಿ. ಹುಡುಗರಿಗೆ ಕಲಿಸಲು ಕಟ್ಟಿದ್ದಕ್ಕೆ ಸ್ವಲ್ಪವೇ ಕೊಟ್ಟ. ಸುವರ್ಣಾಳ ಮಷೀನಿಗೆ ಇನ್ನೂರು ಜಿಬಿ. ಅವಳ ಪಿಎಚ್‌ಡಿ ಪ್ರಬಂಧ ಹಳೆಯ ತಂತ್ರಾಂಶದಲ್ಲಿತ್ತು, ಆ ಮಷೀನಿನಲ್ಲಿ ಮಾತ್ರ ತೆರೆಯುತ್ತಿತ್ತು.

"ಇಷ್ಟ್ಯಾಕ್ರಿ? ನಾ ಬರಿಯೂದು ದಿನಕ್ಕ ಅರ್ಧ ಪುಟ."

"ಇರ್ಲಿ. ಮುಂದ ಬರ್ಕೋತ ಹೋಗಾಕಿ ನೀನು."

ಸುವರ್ಣಾ ನನ್ನ ಧೂಳು ಒರೆಸಿದ ಆ ಬೆಳಿಗ್ಗೆಯೇ ರುದ್ರೇಶ ಬಂದ. ಪರೀಕ್ಷೆ ಹತ್ತಿರ ಬಂದಿತ್ತು, ಲ್ಯಾಬಿಗೆ ನಾನು ಬೇಕಾಗಿದ್ದೆ. ಬಾಯಿಬಿಟ್ಟು ಕೇಳಲಿಲ್ಲ. ನನ್ನತ್ತ ನೋಡಿ ಚಹಾ ಕುಡಿದ.

"ನಿಮ್ಮ ಡಿಸ್ಕ್ ಒಯ್ಯಾಕ ಬಂದೀರೇನ್ರಿ?"

"ಅವಸರಿಲ್ಲ ವೈನಿ. ಅಂವಂಗ ಕೊಟ್ಟದ್ದು ಯಾವಾಗ ತಿರಗಿ ಬಂದೈತಿ? ನನ್ನ ಛತ್ರೀನೂ ಇಲ್ಲೇ ಐತಿ."

"ಅದನ್ನೂ ಒಯ್ರಿ." ಸ್ವಲ್ಪ ತಡೆದು ಹೇಳಿದಳು, "ಪ್ರಬಂಧ ಇದರಾಗ ಐತ್ರಿ. ಮನಿ ಕಂಪ್ಯೂಟರ್‌ನ್ಯಾಗ ಉಳದ ಜಾಗಾ ಅರವತ್ತ. ಇದು ಇನ್ನೂರು. ಅಲ್ಲಿ ಹಿಡಿಯೂದಿಲ್ಲ, ಅಳಿಸೇ ಕೊಡಬೇಕಾಗ್ತೈತಿ."

ರುದ್ರೇಶ ಕಂಪ್ಯೂಟರ್ ಆನ್ ಮಾಡಿ ನೋಡಿದ. "ಇನ್ನೂರು ಅಂದ್ರ ಮಿತಿ ಅಷ್ಟ ರೀ ವೈನಿ. ಅಲ್ಲೀತನಕ ಬೆಳೀಲಿ ಅಂತ ಇಟ್ಟಾನ. ತುಂಬಿದ್ದು ಬರೇ ಒಂಬತ್ತು."

ಸುವರ್ಣಾ ಆ ಒಂಬತ್ತನ್ನು ಬಹಳ ಹೊತ್ತು ನೋಡಿದಳು.

ಅವನು ಹೋದ ಮೇಲೆ ತನ್ನ ಮಷೀನನ್ನು ಮನೆಯ ಕಂಪ್ಯೂಟರಿಗೆ ಸಾಗಿಸಿದಳು. ಪ್ರಬಂಧ ತೆರೆಯಿತು. ಅರ್ಧಕ್ಕೆ ನಿಂತ ವಾಕ್ಯವೊಂದನ್ನು ಪೂರ್ತಿ ಮಾಡಿದಳು. ಆಮೇಲೆ ನನ್ನಲ್ಲಿದ್ದ ಅದರ ಪ್ರತಿಯನ್ನು ಅಳಿಸಿದಳು.

ಮರುದಿನ ನನ್ನನ್ನೂ ಛತ್ರಿಯನ್ನೂ ಹಿಡಿದು ಲ್ಯಾಬಿಗೆ ಬಂದಳು. ರುದ್ರೇಶ ನನ್ನನ್ನು ಕಂಪ್ಯೂಟರಿಗೆ ಸಿಕ್ಕಿಸಿದ. ಹುಡುಗರಿಗಾಗಿ ಗುರುಸಿದ್ಧ ಕಟ್ಟಿದ್ದ ಮಷೀನು ನನ್ನಲ್ಲಿ ಹಾಗೇ ಇತ್ತು.

"ಇದೊಂದು ಅಳಸೂದು ಮರತೀರೇನು ವೈನಿ?"

"ಇಲ್ರಿ," ಎಂದಳು. "ನಮ್ಮನಿಯಾಗ ಇಸಗೊಂಡ ಡಬ್ಬಿ ಖಾಲಿ ಕೊಡೂದಿಲ್ಲ."