ಎಡದಿಂದ ಎರಡನೇ ಸಾಲು, ಮೇಲಿಂದ ಮೂರನೆಯದು

ಚೆನ್ನಾಗಿ ಓಡುವ ಕಂಪ್ಯೂಟರನ್ನು ಹಳೆಯದಾಯಿತೆಂದು ಗುಜರಿಗೆ ಹಾಕುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ರಾಣೆಬೆನ್ನೂರಿನ ಸ್ಟೇಷನ್ ರೋಡಿನಲ್ಲಿ ಹದಿನಾರು ವರ್ಷದಿಂದ ನನ್ನದು ರಿಪೇರಿ ಅಂಗಡಿ. ಸಂಜೆಯಾದರೆ ಅಲ್ಲೇ ಕಂಪ್ಯೂಟರ್ ಪಾಠ. ವಿಂಡೋಸ್ ಹತ್ತಕ್ಕೆ ಇನ್ನು ಅಪ್‌ಡೇಟ್ ಬರುವುದಿಲ್ಲವೆಂದು ಗೊತ್ತಾದದ್ದೇ ತಡ, ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನ ಮ್ಯಾನೇಜರ್ ವಿರೂಪಾಕ್ಷ ಗಾಬರಿಯಾಗಿ ಫೋನ್ ಮಾಡಿದರು.

"ಗಂಗಾ ಮೇಡಂ, ನಾಲ್ಕೂ ಮಷಿನ್ ತಗದು ಹೊಸಾವು ತರಬೇಕಂತಲ್ರಿ?"

"ಏನೂ ಬ್ಯಾಡ್ರಿ. ವಿಂಡೋಸ್ ತಗದು ಪುಕ್ಕಟೆ ಸಿಗೋ ಲಿನಕ್ಸ್ ಹಾಕಿಕೊಡ್ತೇನಿ, ಇನ್ನೂ ಐದು ವರ್ಷ ಓಡ್ತಾವ."

ಹಾಕಿಯೂ ಬಂದೆ. ಲಿನಕ್ಸಿನ ಸುಖವೆಂದರೆ, ಒಳಗಿನ ವ್ಯವಸ್ಥೆ ಒಂದೇ ಆದರೂ ಕಣ್ಣಿಗೆ ಕಾಣುವ ಡೆಸ್ಕ್‌ಟಾಪನ್ನು ನಮಗೆ ಹಿಡಿಸಿದ್ದನ್ನೇ ಆರಿಸಿಕೊಳ್ಳಬಹುದು. ನಾನು ಆರಿಸಿದ್ದು ನನಗೆ ಹಿಡಿಸಿದ್ದನ್ನು. ಪರದೆಯ ಮೇಲೆ ಒತ್ತುವ ಚಿತ್ರ, ಅಂದರೆ ಐಕಾನ್, ಒಂದೂ ಇಲ್ಲ. ಮೂಲೆಯ ಮೆನು ಒತ್ತಿದರೆ ಹೆಸರುಗಳ ಪಟ್ಟಿ. ಗುಡಿಸಿ ಸಾರಿಸಿದ ಅಂಗಳದ ಹಾಗಿತ್ತು. ನನ್ನ ಬೆನ್ನು ನಾನೇ ತಟ್ಟಿಕೊಂಡು ಬಸ್ ಹತ್ತಿದೆ.

ಮೂರನೇ ದಿನ ಮತ್ತೆ ಫೋನ್. "ಮೇಡಂ, ಕೌಂಟರಿನ್ಯಾಗ ಬಸವಣ್ಣೆವ್ವ ಕೈಕಟ್ಟಿ ಕುಂತಾಳ. ರಸ್ತೆತನಕ ಗಾಡಿ ನಿಂತಾವ. ಹೊಸಾದು ಆಕಿ ತಲೀಗೆ ಹತ್ತವಲ್ದು. ಸೋಮವಾರದಿಂದ ಆಕೀನ್ನ ಮತ್ತ ತೊಟ್ಟು ಬಿಡಿಸಾಕ ಕಳಸ್ತೇನಿ. ಸಿಮ್ರಾನ ಅಂತ ಡಿಗ್ರಿ ಆದ ಹುಡುಗಿ ಅದಾಳ, ಆಕೀನ್ನ ಕುಂದರಸ್ತೇನಿ."

ಬಸವಣ್ಣೆವ್ವನವರನ್ನು ನಾನು ಬಲ್ಲೆ. ಮೋಟೆಬೆನ್ನೂರಿನವರು. ಮೆಣಸಿನಕಾಯಿ ರಾಶಿಯ ಮುಂದೆ ಕೂತು ತೊಟ್ಟು ಬಿಡಿಸಿ ಬಿಡಿಸಿ, ಉರಿಯುವ ಬೆರಳನ್ನು ರಾತ್ರಿ ಮಜ್ಜಿಗೆಯಲ್ಲಿ ಅದ್ದಿಕೊಳ್ಳುತ್ತಿದ್ದವರು, ಹನ್ನೊಂದು ವರ್ಷದ ಹಿಂದೆ ಎದ್ದು ಕೌಂಟರಿಗೆ ಬಂದರು. ರೈತ ಚೀಟಿ ಕೊಟ್ಟು ಮುಖ ಒರೆಸಿಕೊಳ್ಳುವಷ್ಟರಲ್ಲಿ ಅವನ ಚೀಲಗಳು ಯಾವ ಕೋಣೆಯಲ್ಲಿ, ಎಷ್ಟನೇ ಮಹಡಿಯಲ್ಲಿ ಇವೆಯೆಂದು ಹೇಳುತ್ತಿದ್ದರು. ಅಂಥವರಿಗೆ ನನ್ನ ಚೊಕ್ಕ ಡೆಸ್ಕ್‌ಟಾಪ್ ತಿಳಿಯುವುದಿಲ್ಲವೆಂದರೆ ಹೊಸದು ಬೇಡವೆಂಬ ಹಟವಲ್ಲದೆ ಮತ್ತೇನು? ಸಿಟ್ಟಿನಿಂದಲೇ ಹೋದೆ.

"ಮೆನು ಒತ್ರಿ ಅಕ್ಕಾರ. ಹೆಸರು ಬರದೈತಲ್ರಿ, ಓದ್ರಿ, ಒತ್ರಿ. ಇದರಾಗ ಕಷ್ಟ ಏನೈತಿ?"

ಅವರು ಮೌಸ್ ಮೇಲಿಂದ ಕೈ ತೆಗೆದರು. ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು.

"ಎಡಗಡಿಂದ ಎರಡನೇ ಸಾಲು, ಮ್ಯಾಲಿಂದ ಮೂರನೇದು. ಅದನ್ನ ಒತ್ತಿ ಚೀಟಿ ನಂಬರ್ ಹೊಡಿತಿದ್ದೆ. ಅದು ಎಲ್ಲಿ ಹೋತು ತಂಗಿ?"

"ಹೆಸರು ಓದಿದ್ರ ಸಿಗತೈತಲ್ರಿ."

"ಓದಾಕ ಬಂದಿದ್ರ ನಿನ್ನ ಯಾಕ ಕೇಳ್ತಿದ್ದೆ? ಅದು ಇಂಗ್ಲೀಷ್ ಐತಿ."

ಹಿಂದಿನ ಗುಮಾಸ್ತ ಕೆಲಸ ಬಿಡುವಾಗ ಒಂದು ಮಧ್ಯಾಹ್ನ ಬೆರಳಿಟ್ಟು ತೋರಿಸಿದ್ದನಂತೆ. ಅಷ್ಟೇ ಅವರ ತರಬೇತಿ. ಹನ್ನೆರಡು ಚಿತ್ರ, ಹನ್ನೆರಡು ಜಾಗ. ಹನ್ನೊಂದು ವರ್ಷ ಒಂದೂ ತಪ್ಪಿಲ್ಲ.

ನನಗೆ ನಾಚಿಕೆಯಾಯಿತು. ಮೊದಲ ಕಾಲದ ಕಂಪ್ಯೂಟರುಗಳಲ್ಲಿ ಬರೀ ಕಪ್ಪು ಪರದೆ, ಅಕ್ಷರದಲ್ಲೇ ಆಜ್ಞೆ ಟೈಪ್ ಮಾಡಬೇಕಿತ್ತು, ಆಮೇಲೆ ಯಾರೋ ಪುಣ್ಯಾತ್ಮರು ಆಜ್ಞೆ ಗೊತ್ತಿಲ್ಲದವರೂ ಬೊಟ್ಟು ಮಾಡಿ ಕೆಲಸ ಮಾಡಲೆಂದು ಚಿತ್ರ ಇಟ್ಟರು ಎಂದು ಪ್ರತಿ ಬ್ಯಾಚಿಗೂ ಗಂಟಲು ಹರಿದುಕೊಂಡು ಹೇಳುವವಳು ನಾನು. ಆ ಚಿತ್ರ ಯಾರಿಗಾಗಿ ಹುಟ್ಟಿತೋ ಅವರ ಮುಂದಿನಿಂದಲೇ ಅದನ್ನು ಅಂದಕ್ಕೆಂದು ಗುಡಿಸಿ ಹಾಕಿದ್ದೆ. ಸಾಲದ್ದಕ್ಕೆ ಅವರನ್ನೇ ಹಟಮಾರಿ ಎಂದೂ ಅಂದುಕೊಂಡಿದ್ದೆ.

ಕುರ್ಚಿ ಎಳೆದುಕೊಂಡು ಕೂತೆ. ಅವರು ಕಣ್ಣು ಮುಚ್ಚಿ ಒಂದೊಂದರ ಜಾಗ ಹೇಳಿದರು, ನಾನು ಇಟ್ಟೆ. ಮುಗಿದ ಮೇಲೆ ಸುಮ್ಮನೆ ಕೇಳಿದೆ, "ಕೆಳಗ ಹೆಸರು ಕನ್ನಡದಾಗ ಹಾಕ್ಲೇನ್ರಿ?"

ಅವರು ನನ್ನ ಕಡೆ ತಿರುಗಿದರು. "ಹಂಗ ಹಾಕಾಕ ಬರತೈತೇನು? ನಾ ಕನ್ನಡ ಸಾಲ್ಯಾಗ ಏಳನೇತ್ತಾ ಓದೇನಿ ತಂಗಿ. ಇಷ್ಟು ವರ್ಷ ಒಬ್ಬರೂ ಹೇಳಲಿಲ್ಲಲ್ಲ."

ನಾನೂ ವರ್ಷಕ್ಕೆರಡು ಸಲ ಅಲ್ಲಿಗೆ ಬಂದು ಹೋಗುತ್ತಿದ್ದವಳೇ. ಕೀಬೋರ್ಡ್ ಎಳೆದುಕೊಂಡು ಟೈಪ್ ಮಾಡಿದೆ. ಹೆಸರು ಅವರೇ ಹೇಳಿದರು: ಒಳಗ ಬಂದದ್ದು, ಹೊರಗ ಹೋದದ್ದು, ಚೀಲ ಹುಡುಕೋದು. ಅವನ್ನು ಒತ್ತಿದರೆ ತೆರೆಯುವ ಪಟ್ಟಿಗಳ ತಲೆಬರಹವನ್ನೂ ಕನ್ನಡಕ್ಕೆ ಬದಲಿಸಿದೆ.

ಅಷ್ಟರಲ್ಲಿ ವಿರೂಪಾಕ್ಷ ಬಂದರು. "ಏನ್ ಕೆಟ್ಟಿತ್ರಿ ಮೇಡಂ?"

"ಮೌಸ್..." ಎಂದು ನಾನು ಅವರ ಗುಟ್ಟು ಮುಚ್ಚಲು ಶುರು ಮಾಡಿದೆ.

"ಮೌಸ್ ಅಲ್ರಿ ಸಾಹೇಬ್ರ," ಎಂದರು ಬಸವಣ್ಣೆವ್ವ. "ನನಗ ಇಂಗ್ಲೀಷ್ ಬರಂಗಿಲ್ಲ. ಮೊದಲಿಂದನೂ ಬರಂಗಿಲ್ಲ. ಜಾಗದ ಗುರ್ತಿನ ಮ್ಯಾಲೆ ಮಾಡ್ತಿದ್ದೆ. ಈಗ ಕನ್ನಡ ಆಗೈತಿ." ಹಾಗೆಂದು ಕಿಂಡಿಯ ಹೊರಗೆ ಕೈ ಚಾಚಿದರು. ಎರಡು ತಾಸಿನಿಂದ ನಿಂತಿದ್ದ ದೇವರಗುಡ್ಡದ ರೈತರೊಬ್ಬರು ಚೀಟಿ ಕೊಟ್ಟರು. "ನಾಲ್ಕನೇ ಕೋಣಿ, ಎರಡನೇ ಮಹಡಿ, ನಲವತ್ತು ಚೀಲ ಅದಾವ. ಮುಂದಿನವರು ಬರ್ರಿ."

ವಿರೂಪಾಕ್ಷ ಆರೇಳು ಚೀಟಿ ಮುಗಿಯುವ ತನಕ ನಿಂತೇ ಇದ್ದರು. ಆಮೇಲೆ, "ಸೋಮವಾರನೂ ನೀವ ಕುಂದರ್ರಿ" ಎಂದು ಹೊರಟುಹೋದರು. ಅವರು ಬಸವಣ್ಣೆವ್ವನವರಿಗೆ 'ನೀವು' ಅಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಚೀಲ ಹೆಗಲಿಗೇರಿಸಿದಾಗ ಅವರು ಪರದೆಯಿಂದ ಕಣ್ಣು ಕೀಳದೆ ಕರೆದರು.

"ತಂಗಿ, ಈಗ ಓದಾಕ ಬರತೈತಲ್ಲ, ಇವು ಎಲ್ಲಿದ್ರೂ ನಡಿತೈತಿ. ನಿನಗ ಹೆಂಗ ಚಂದ ಕಾಣತೈತಿ ಹಂಗ ಜೋಡ್ಸು."

ನಾನು ಒಂದನ್ನೂ ಕದಲಿಸಲಿಲ್ಲ.